ಸೋರದ ಮಾಡು

ಮೈನ್‌ಕ್ರಾಫ್ಟ್ ಆಟದಲ್ಲಿ ಮನೆಯ ಮೇಲೆ ಒಂದು ವರಸೆ ಹಲಗೆ ಹಾಸಿದರೆ ಸಾಕು, ಮಾಡು ಮುಗಿಯಿತು. ಇಳಿಜಾರು ಬೇಡ, ಪಕಾಸಿ ಬೇಡ, ರೀಪು ಬೇಡ, ಸೂರಂಚಿಗೆ ಅಡಿಕೆ ಮರದ ದಂಬೆ ಬೇಡ. ಎಂಥ ಜಡಿಮಳೆ ಬಂದರೂ ಒಳಗೆ ಒಂದು ಹನಿ ಬೀಳುವುದಿಲ್ಲ. ಗೋಡೆಗೆ ಪಾಚಿ ಕಟ್ಟುವುದಿಲ್ಲ, ಗೆದ್ದಲಂತೂ ಆ ಲೋಕದಲ್ಲಿ ಹುಟ್ಟಿಯೇ ಇಲ್ಲ. ಕಂಬಗಳನ್ನೆಲ್ಲ ಕಿತ್ತು ಹಾಕಿದರೂ ಮಾಡು ಅಂತರಿಕ್ಷದಲ್ಲಿ ಹಾಯಾಗಿ ನಿಂತಿರುತ್ತದೆ. ಆಸರೆ ತಪ್ಪಿದರೆ ಬೀಳುವುದು ಮರಳು, ಜಲ್ಲಿಯಂಥ ಕೆಲವೇ ವಸ್ತುಗಳು. ಚೌಕಾಕಾರದ ಸೂರ್ಯ, 20 ನಿಮಿಷಕ್ಕೆ ಮುಗಿದುಹೋಗುವ ದಿನ, ಕತ್ತಲಾದರೆ ಎದ್ದು ಬರುವ ಹೆಣಗಳು ಇವೆಲ್ಲ ನನಗೆ ಬೇಗ ಒಗ್ಗಿದವು. ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲಿ ಬೆಳೆದವನಿಗೆ ಸೋರದ ಮಾಡು ಮಾತ್ರ ಇವತ್ತಿಗೂ ಒಗ್ಗಿಲ್ಲ.

ನಮ್ಮಲ್ಲಿ ಮೇ ತಿಂಗಳೆಂದರೆ ಅಪ್ಪ ಮಾಡು ಹತ್ತುವ ತಿಂಗಳು. ಮಂಗಗಳು ವರ್ಷವಿಡೀ ಕುಣಿದು ಒಡೆದಿಟ್ಟ ಹೆಂಚುಗಳನ್ನು ಹುಡುಕಿ ತೆಗೆದು ಹೊಸದು ಕೂರಿಸಬೇಕು. ಕೆಳಗಿನಿಂದ ಒಂದೊಂದೇ ಹೆಂಚು ದಾಟಿಸುವುದು ನಮ್ಮ ಕೆಲಸ. ಹೆಂಚಿನ ಬೆನ್ನ ಮೇಲಿನ ಮಂಗಳೂರಿನ ಅಚ್ಚನ್ನು ಓದುತ್ತ ನಿಂತರೆ ಮೇಲಿನಿಂದ ಬೈಗುಳ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಕಡೆಯ ಸೋಗೆಯ ಮಾಡುಗಳು ಒಂದೊಂದಾಗಿ ಕೆಂಪಾದವು. ಆದರೂ ಪುನರ್ವಸು ಮಳೆ ಗಟ್ಟಿಯಾಗಿ ಹಿಡಿದರೆ ಎಲ್ಲೋ ಒಂದು ಕಡೆ ಸೋರಿಯೇ ಸೋರುತ್ತಿತ್ತು. ಅಮ್ಮನಿಗೆ ಯಾವ ಮೂಲೆಗೆ ಯಾವ ಪಾತ್ರೆ ಎಂಬುದು ಬಾಯಿಪಾಠವಾಗಿತ್ತು.

ಪಿಯುಸಿ ಓದುವ ಮಗಳು ಈ ಆಟ ಕಲಿಸಲು ಕೂತಾಗ ನಾನು ಅಭ್ಯಾಸಬಲದಿಂದ ಇಳಿಜಾರಿನ ಮಾಡನ್ನೇ ಕಟ್ಟತೊಡಗಿದೆ. "ಅಪ್ಪಾ, ಅದೆಲ್ಲ ಬರೀ ಚಂದಕ್ಕೆ" ಎಂದಳು. ಮಾಡೆಂಬುದು ಚಂದಕ್ಕೆ! ನಮ್ಮಪ್ಪ ಕೇಳಿಸಿಕೊಂಡಿದ್ದರೆ ಏಣಿ ಸಮೇತ ಇಳಿದು ಬಂದಿರುತ್ತಿದ್ದರು.

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇಯಲ್ಲಿ ಈ ಆಟವನ್ನು ಹೊರಬಿಟ್ಟಾಗ ಅದರಲ್ಲಿ ಮಳೆಯೇ ಇರಲಿಲ್ಲ. ಮಳೆ, ಗುಡುಗು, ಸಿಡಿಲು ಬಂದದ್ದು 2011ರ ಏಪ್ರಿಲ್‌ನಲ್ಲಿ. ಬಂದ ಮಳೆಯೋ, ಪರಮ ಸಾಧು. ಬೆಂಕಿ ಆರಿಸುತ್ತದೆ, ಗದ್ದೆಯ ಮಣ್ಣು ನೆನೆಸುತ್ತದೆ, ಗಾಳಕ್ಕೆ ಮೀನು ಬೇಗ ಸಿಗುವಂತೆ ಮಾಡುತ್ತದೆ, 10ರಿಂದ 20 ನಿಮಿಷ ಸುರಿದು ಹೊರಟುಹೋಗುತ್ತದೆ. ಹೊಳೆ ಉಕ್ಕುವುದಿಲ್ಲ, ಧರೆ ಕುಸಿಯುವುದಿಲ್ಲ. ಕೇಡೆಲ್ಲ ಸಿಡಿಲಿನ ಪಾಲಿಗೆ. ಗುಡುಗುಮಳೆಯ ಹೊತ್ತಿಗೆ ಹಗಲೇ ಕತ್ತಲಾಗಿ, ರಾತ್ರಿ ಬರಬೇಕಾದ ಹೆಣಗಳು ಮಧ್ಯಾಹ್ನವೇ ಹೊರಬೀಳುತ್ತವೆ. ಸಿಡಿಲು ಹಂದಿಗೆ ಬಡಿದರೆ ಅದು ಅರೆಕೊಳೆತ ಹಂದಿಮನುಷ್ಯನಾಗುತ್ತದೆ, ಹಳ್ಳಿಗನಿಗೆ ಬಡಿದರೆ ಮಾಟಗಾತಿ. ಮರಕ್ಕೆ ಬಡಿದರೆ ಬೆಂಕಿ. ಹೊರಗಿನ ಬೆಂಕಿಯನ್ನು ಮಳೆ ಆರಿಸಬಹುದು. ಮಾಡಿನ ಕೆಳಗೆ ಸೇರಿಕೊಂಡದ್ದನ್ನು ಯಾರು ಆರಿಸಬೇಕು? ಮಗಳು ವಾರಗಟ್ಟಲೆ ಕೂತು ಕಟ್ಟಿದ ಗ್ರಂಥಾಲಯ ಹೋದದ್ದು ಹಾಗೆಯೇ. ಮರದ ಅಟ್ಟಣಿಗೆ, ಸಾಲು ಸಾಲು ಪುಸ್ತಕದ ಕಪಾಟು, ನೆಲಕ್ಕೆ ಉಣ್ಣೆಯ ಹಾಸು. ಬೆಂಕಿಗೆ ಇದಕ್ಕಿಂತ ಒಳ್ಳೆಯ ಊಟ ಯಾರೂ ಬಡಿಸಲಾರರು. ಕೊನೆಗೆ ಉಳಿದದ್ದು ಕಲ್ಲಿನ ಮೆಟ್ಟಿಲು.

ಇದಕ್ಕೆ ಬಹಳ ಕಾಲ ಸರಿಯಾದ ಮದ್ದೇ ಇರಲಿಲ್ಲ. ಕಲ್ಲಿನಲ್ಲಿ ಕಟ್ಟಬೇಕು, ಇಲ್ಲವೇ ಗುಡುಗಿದೊಡನೆ ಹಾಸಿಗೆಗೆ ಹೋಗಿ ಮಲಗಬೇಕು, ಏಳುವಷ್ಟರಲ್ಲಿ ಆಕಾಶ ತಿಳಿಯಾಗಿರುತ್ತದೆ. ಈ ಎರಡನೆಯ ಉಪಾಯ ನನಗೆ ಬಹಳ ಹಿಡಿಸಿತು. 2021ರ ಜೂನ್‌ನಲ್ಲಿ ಆಟಕ್ಕೆ ತಾಮ್ರ ಬಂತು, ತಾಮ್ರದ ಜೊತೆ ಸಿಡಿಲು ಸರಳೂ ಬಂತು. ಮೂರು ತಾಮ್ರದ ಗಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಸರಳು. ಜಾವಾ ಆವೃತ್ತಿಯಲ್ಲಿ ಸುತ್ತಲಿನ 128 ಬ್ಲಾಕ್ ದೂರದೊಳಗೆ ಬೀಳಬೇಕಾದ ಸಿಡಿಲನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ. ಒಂದು ಬ್ಲಾಕ್ ಎಂದರೆ ಒಂದು ಮೀಟರ್. ಅಂದರೆ ಒಂದು ಸರಳು ಒಂದು ಸಣ್ಣ ಊರನ್ನೇ ಕಾಯುತ್ತದೆ.

ನಮ್ಮಜ್ಜಿಯ ಹತ್ತಿರವೂ ಒಂದು ಸರಳಿತ್ತು. ಮೊದಲ ಗುಡುಗಿಗೇ ಹುಲ್ಲು ಕೊಯ್ಯುವ ಕಬ್ಬಿಣದ ಕತ್ತಿಯನ್ನು ಅಂಗಳಕ್ಕೆ ಎಸೆದು, ಒಳಗೆ ಬಂದು ಅರ್ಜುನನ ಹತ್ತು ಹೆಸರು ಹೇಳುತ್ತ ಕೂರುತ್ತಿದ್ದರು. ಸಿಡಿಲು ಕಬ್ಬಿಣವನ್ನು ಹುಡುಕಿಕೊಂಡು ಅಂಗಳಕ್ಕೆ ಹೋಗುತ್ತದೆ, ಮನೆ ಉಳಿಯುತ್ತದೆ ಎಂಬುದು ಲೆಕ್ಕ. ಸಿಡಿಲು ಪ್ರತಿ ಸಲವೂ ತೋಟದ ತೆಂಗಿನ ಸುಳಿಯನ್ನೇ ಹುಡುಕಿಕೊಂಡದ್ದು ಬೇರೆ ಮಾತು.

ಅಜ್ಜಿಯ ಈ ಲೆಕ್ಕಕ್ಕೆ ಯುರೋಪಿನಲ್ಲೂ ನೆಂಟರಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ಬರೆದು ಸೂಚಿಸಿದ್ದಂತೆ 1752ರ ಮೇಯಲ್ಲಿ ಪ್ಯಾರಿಸ್ ಹತ್ತಿರದ ಮಾರ್ಲಿಯಲ್ಲಿ ಎತ್ತರದ ಕಬ್ಬಿಣದ ಸರಳು ನಿಲ್ಲಿಸಿ ಗುಡುಗುಮೋಡದಿಂದ ಕಿಡಿ ಇಳಿಸಿದರು. ಆಮೇಲೆ ಸರಳುಗಳು ಮನೆಗಳ ಮೇಲೆ ಏರಿದವು. 1780ರಲ್ಲಿ ಫ್ರಾನ್ಸಿನ ಸೇಂಟ್ ಒಮೆರ್ ಊರಿನ ವಿಸ್ಸೆರಿ ಎಂಬವನು ತನ್ನ ಮನೆಗೆ ಒಂದು ಹಾಕಿಸಿದಾಗ, ಇವನು ಊರಿನ ಸಿಡಿಲನ್ನೆಲ್ಲ ನಮ್ಮ ತಲೆಯ ಮೇಲೆ ಎಳೆಯುತ್ತಾನೆಂದು ನೆರೆಯವರು ದೂರು ಕೊಟ್ಟರು. ತೆಗೆಯಬೇಕೆಂದು ಆಜ್ಞೆಯೂ ಆಯಿತು. 1783ರಲ್ಲಿ ಅರಾಸ್‌ನಲ್ಲಿ ಅವನ ಪರ ವಾದಿಸಿ ಗೆದ್ದುಕೊಟ್ಟ 25ರ ವಕೀಲ ಮುಂದೆ ಫ್ರಾನ್ಸಿನ ಕ್ರಾಂತಿಯಲ್ಲಿ ಹೆಸರಾದ ರೋಬೆಸ್ಪಿಯರ್.

ವಾಸ್ತವದಲ್ಲಿ ಗೆಲ್ಲಬೇಕಾದವನೇ ಗೆದ್ದ. ಸರಳು ದೂರದ ಸಿಡಿಲನ್ನು ಕರೆಯುವುದಿಲ್ಲ. ಹತ್ತಿರ ಬಿದ್ದದ್ದಕ್ಕೆ ತಂತಿಯ ಮೂಲಕ ನೆಲಕ್ಕಿಳಿಯುವ ದಾರಿ ಕೊಡುತ್ತದೆ, ಅಷ್ಟೆ. ಅದರ ಜೀವ ಇರುವುದು ಭೂಮಿಯೊಳಗೆ ಹೂತ ಆ ಅರ್ಥಿಂಗ್‌ನಲ್ಲಿ. ಮೈನ್‌ಕ್ರಾಫ್ಟ್‌ನಲ್ಲಿ ತಂತಿಯೂ ಇಲ್ಲ, ಅರ್ಥಿಂಗೂ ಇಲ್ಲ, ಸರಳು ನಿಜಕ್ಕೂ ಊರ ಸಿಡಿಲನ್ನು ಕರೆದುಕೊಳ್ಳುತ್ತದೆ. ಆ ಆಟದ ನ್ಯಾಯಾಲಯದಲ್ಲಿ ರೋಬೆಸ್ಪಿಯರ್ ಸೋಲುತ್ತಿದ್ದ. ಸೇಂಟ್ ಒಮೆರ್‌ನ ನೆರೆಯವರು, ನಮ್ಮಜ್ಜಿ ಇಬ್ಬರೂ ಗೆಲ್ಲುತ್ತಿದ್ದರು.

ಮಗಳು ಗ್ರಂಥಾಲಯವನ್ನು ಮತ್ತೆ ಕಟ್ಟುತ್ತಿದ್ದಾಳೆ, ಮತ್ತೆ ಮರದಲ್ಲೇ. ನೀವೂ ಮರದ ಮನೆ ಕಟ್ಟುವವರಾದರೆ ಸರಳನ್ನು ಮಾಡಿನ ಹಲಗೆಯ ಮೇಲೇ ನೆಡಬೇಡಿ, ಬಡಿದ ಜಾಗದ ಅಕ್ಕಪಕ್ಕಕ್ಕೂ ಬೆಂಕಿ ಹತ್ತುವುದುಂಟು. ಸ್ವಲ್ಪ ಆಚೆಗೆ, ಮಾಡಿಗಿಂತ ಎತ್ತರದ ಒಂದು ಕಲ್ಲಿನ ಕಂಬ ಎಬ್ಬಿಸಿ ಅದರ ತುದಿಗೆ ಇಡಿ.