ದಂಪತಿಗಳಿಗೆ ಮೂರು ದಿನದ ಪ್ರವಾಸ

ದೇಶಸಂಚಾರದಿಂದ ಬುದ್ಧಿಯು ವಿಕಾಸ ಹೊಂದುವದೆಂಬ ಮಾತನ್ನು ನಮ್ಮಲ್ಲಿ ಒಪ್ಪದವರಿಲ್ಲ. ಆದರೆ ನಮ್ಮ ಗೃಹಸ್ಥರ ಸಂಚಾರವನ್ನು ಸ್ವಲ್ಪ ಪರೀಕ್ಷಿಸಿ ನೋಡಿದರೆ, ಅದರ ಬಹುಭಾಗವು ಮದುವೆ, ಮುಂಜಿವೆ, ತೊಟ್ಟಿಲು, ದಿನಕರ್ಮಗಳಿಗಾಗಿಯೇ ನಡೆದುದೆಂದು ಗೊತ್ತಾಗುವದು. ಹರಕೆ ತೀರಿಸಲು ಹೊರಡುವ ಯಾತ್ರೆಯಲ್ಲಿಯಾದರೂ ಮನೆಯ ಯಜಮಾನಿಯ ಪಾಲಿಗೆ ಬರುವದೇನು? ಬುತ್ತಿ ಕಟ್ಟುವದು, ಗಂಟು ಎಣಿಸುವದು, ಮಕ್ಕಳನ್ನು ಜನಸಂದಣಿಯಲ್ಲಿ ಕಾಯುವದು. ಗಂಡಹೆಂಡಿರಿಬ್ಬರೇ, ಯಾವ ಕಾರ್ಯದ ಹೊರೆಯೂ ಇಲ್ಲದೆ, ನೋಡುವದಕ್ಕಾಗಿಯೇ ಮೂರು ದಿನ ಮನೆ ಬಿಟ್ಟು ಹೋದ ಉದಾಹರಣೆಗಳು ನಮ್ಮ ತಲೆಮಾರಿನಲ್ಲಿ ಎಷ್ಟು ದೊರೆತಾವು?

ಈಗಿನ ಮಕ್ಕಳ ರೀತಿ ಬೇರೆಯಾಗಿದೆ. ಪರದೇಶಗಳಲ್ಲಿ ನೌಕರಿಯಲ್ಲಿರುವ ನಮ್ಮ ಕಡೆಯ ತರುಣರು ಸತಿಯೊಡಗೂಡಿ ಯುರೋಪಖಂಡದ ಯಾವುದಾದರೊಂದು ಹಳೆಯ ಪಟ್ಟಣಕ್ಕೆ ಹೋಗಿ, ಮೂರು ನಾಲ್ಕು ದಿನ ಅಲ್ಲಿಯೇ ಇದ್ದು ಬರುತ್ತಾರೆ. ಅವರು ಹತ್ತು ಊರು ಸುತ್ತುವದಿಲ್ಲ. ಇಟಲಿಯ ಫ್ಲಾರೆನ್ಸಿಗೆ ಹೋದರೆ ಒಂದೇ ವಸತಿಗೃಹದಲ್ಲಿಳಿದು, ಕಾಲ್ನಡಿಗೆಯಿಂದ ಓಣಿಗಳನ್ನು ಸುತ್ತಿ, ಬ್ರುನೆಲೆಸ್ಕಿಯೆಂಬ ಶಿಲ್ಪಿಯು ೧೪೩೬ರಲ್ಲಿ ಕಟ್ಟಿ ಮುಗಿಸಿದ ಮಹಾಗುಂಬಜವನ್ನು ಒಂದು ಹೊತ್ತು ನೋಡುವದು. ಅಲ್ಲಿಯ ಉಫಿಝಿ ಚಿತ್ರಶಾಲೆಯು ಸೋಮವಾರ ಮುಚ್ಚಿರುತ್ತದೆಂದು ಮೊದಲೇ ತಿಳಿದುಕೊಂಡು ಅದನ್ನು ಮತ್ತೊಂದು ದಿನಕ್ಕೆ ಇಟ್ಟುಕೊಳ್ಳುವದು. ಈ ಪದ್ಧತಿಯು ನಮಗೆ ಬಹಳ ಮೆಚ್ಚಿಕೆಯಾಗಿದೆ. ಅನುಕೂಲವಿದ್ದವರು ಯುರೋಪಕ್ಕೆ ಅವಶ್ಯವಾಗಿ ಹೋಗಲಿ. ಆದರೆ ಪಾಸಪೋರ್ಟು, ವೀಸಾ, ವಿಮಾನದ ವೆಚ್ಚ ಇವುಗಳನ್ನು ಕೇಳಿಯೇ ಕೈಚೆಲ್ಲುವ ಸಾಮಾನ್ಯ ಗೃಹಸ್ಥನು ಆ ಪದ್ಧತಿಯನ್ನಾದರೂ ಯಾಕೆ ಬಿಡಬೇಕು? ಗದಗ-ಬೆಟಗೇರಿಯನ್ನು ನಡುವಿರಿಸಿ ನಲವತ್ತು ಕಿಲೋಮೀಟರಿನ ಸುತ್ತಳತೆಯಲ್ಲಿ ಲಕ್ಕುಂಡಿ, ಡಂಬಳ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿರುವಾಗ ನಮಗೆ ನೋಡಲು ಕಡಮೆಯಾದದ್ದೇನು?

ಇದನ್ನು ಬರೆಯಲು ಮತ್ತೊಂದು ಕಾರಣವುಂಟು. ನಮ್ಮೊಡನೆ ಶಾಲೆಯಲ್ಲಿ ಬಹುಕಾಲ ಕೆಲಸ ಮಾಡಿದ ಒಬ್ಬ ಗೃಹಸ್ಥರ ಪತ್ನಿಗೆ ಲಕ್ಕುಂಡಿಯ ಗುಡಿಗಳನ್ನು ನೋಡುವ ಆಶೆ ಬಹಳವಾಗಿತ್ತು. “ಲಕ್ಕುಂಡಿ ಎಲ್ಲಿಗೆ ಓಡಿ ಹೋಗ್ತದರೀ ಮಾಸ್ತರ? ಪೆನ್‌ಶನ್ ಆದಮ್ಯಾಲೆ ಸಾವಕಾಶ ನೋಡಿದರಾತು” ಎಂದು ಆ ಮಿತ್ರರು ಅನ್ನುತ್ತಿದ್ದರು. ಲಕ್ಕುಂಡಿಯೇನೋ ಓಡಿಹೋಗಲಿಲ್ಲ. ಅದು ಗದಗಿನಿಂದ ಹನ್ನೆರಡೇ ಕಿಲೋಮೀಟರು. ಆದರೆ ಪೆನ್‌ಶನ್ ಬರುವ ಮುಂಚಿನ ವರ್ಷವೇ ಆ ತಾಯಿಯು ತೀರಿಕೊಂಡಳು. ಈಗ ಅವರು ಒಬ್ಬರೇ ಆ ಹಾದಿಯಿಂದ ಬಸ್ಸಿನಲ್ಲಿ ಹೋಗುವಾಗ ಮುಖ ಹೊರಳಿಸಿ ಕುಳಿತುಕೊಳ್ಳುತ್ತಾರೆ. ಗುಡಿಗಳ ಕಲ್ಲು ಸಾವಿರ ವರ್ಷ ಕಾದೀತು. ನಮ್ಮ ಮೊಳಕಾಲು ಕಾಯಲಾರವು, ಜೊತೆಯೂ ಕಾಯಲಾರದು. ಆದ್ದರಿಂದ ಪ್ರವಾಸವನ್ನು ಇಬ್ಬರೂ ಗಟ್ಟಿಯಾಗಿರುವಾಗಲೇ ಗೊತ್ತುಪಡಿಸತಕ್ಕದ್ದು.

ಗೊತ್ತುಪಡಿಸುವದು ಹೇಗೆ? ಮೊದಲನೆಯದಾಗಿ, ಗಂಡನು ಒಬ್ಬನೇ ನಿಶ್ಚಯಿಸಿ ಹೆಂಡತಿಗೆ “ನಾಳೆ ಹೊರಡು” ಎನ್ನಲಾಗದು. ಇಬ್ಬರೂ ಕೂಡಿ ಕುಳಿತು ನಕಾಶೆಯನ್ನು ನೋಡಬೇಕು. ದಿನಕ್ಕೊಂದು ಸಂಗತಿಯನ್ನು ಆಕೆಯೂ ಒಂದು ಸಂಗತಿಯನ್ನು ಆತನೂ ಆರಿಸಿಕೊಳ್ಳಬೇಕು. ಎರಡನೆಯದಾಗಿ, ಗದಗಿನಲ್ಲಿಯೇ ವಸತಿ ಮಾಡಿ ಮೂರು ರಾತ್ರಿ ಅಲ್ಲಿಗೇ ತಿರುಗಿ ಬರುವದು ಲೇಸು. ದಿನಾಲು ಗಂಟು ಕಟ್ಟಿ ಬಿಚ್ಚುವ ದಂಡನೆಯು ಯಾರಿಗೆ ಬೀಳುವದೆಂಬುದನ್ನು ಹೇಳಬೇಕಾಗಿಲ್ಲ. ಅಡಿಗೆಯ ಚಿಂತೆಯೂ ಬೇಡ. ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಯ ಪಲ್ಯ, ಶೇಂಗಾ ಚಟ್ನಿ ದೊರೆಯುತ್ತವೆ. ಮೂರನೆಯದಾಗಿ, ಕಾಲವು ನವಂಬರದಿಂದ ಫೆಬ್ರುವರಿಯ ವರೆಗೆ ಇರಲಿ. ದೇವಾಲಯಗಳ ಗರ್ಭಗುಡಿಗಳು ಮಧ್ಯಾಹ್ನ ಮುಚ್ಚುವದುಂಟು. ಸಂಗ್ರಹಾಲಯಗಳಿಗೆ ವಾರದ ರಜೆಯಿರುವದು. ಇವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಮೊದಲನೆಯ ದಿನ ಗದಗ-ಬೆಟಗೇರಿಯನ್ನು ಬಿಟ್ಟು ಕದಲಕೂಡದು. ಬೆಳಗಿನ ಹೊತ್ತು ತ್ರಿಕೂಟೇಶ್ವರ. ಇಲ್ಲಿ ಒಂದೇ ಪೀಠದ ಮೇಲೆ ಬ್ರಹ್ಮ, ವಿಷ್ಣು, ಮಹೇಶ್ವರರ ಮೂರು ಲಿಂಗಗಳಿವೆ. ಅದೇ ಆವಾರದಲ್ಲಿ ಸರಸ್ವತಿಯ ಗುಡಿಯುಂಟು. ದೇವಿಯ ಮೂರ್ತಿಯು ಭಗ್ನವಾಗಿದೆ. ಆದರೂ ಕಂಬಗಳ ಕುಸುರಿ ಕೆಲಸವನ್ನು ನೋಡಿದಲ್ಲಿ ಅಕ್ಕಸಾಲಿಗನು ಕಲ್ಲುಕುಟಿಗನ ಕೈಯನ್ನು ಹಿಡಿದು ಕೆತ್ತಿಸಿದನೋ ಎಂಬ ಭ್ರಮೆಯಾಗುವದು. ಅಲ್ಲಿಂದ ವೀರನಾರಾಯಣನ ಗುಡಿಗೆ ಹೋಗಬೇಕು. ಇಲ್ಲಿಯ ಕಂಬದ ಬದಿಯಲ್ಲಿ ಕುಳಿತು, ಮಿಂದ ಒದ್ದೆಯ ಬಟ್ಟೆ ಆರುವ ವರೆಗೆ ಕುಮಾರವ್ಯಾಸನು ಭಾರತವನ್ನು ಹೇಳುತ್ತಿದ್ದನೆಂದು ಐತಿಹ್ಯ. ಕೋಳಿವಾಡದ ಈ ಕವಿಯು ಹದಿನೈದನೆಯ ಶತಮಾನದ ಪೂರ್ವಾರ್ಧದವನೆಂದು ಬಹುಮಂದಿ ವಿದ್ವಾಂಸರ ಮತ. ಅಂದರೆ ಫ್ಲಾರೆನ್ಸಿನಲ್ಲಿ ಆ ಮಹಾಗುಂಬಜವು ಏಳುತ್ತಿದ್ದ ಕಾಲಕ್ಕೆ ಹೆಚ್ಚುಕಡಮೆ ನಮ್ಮ ಗದಗಿನಲ್ಲಿ ಭಾಮಿನೀ ಷಟ್ಪದಿಯ ಹತ್ತು ಪರ್ವಗಳು ಏಳುತ್ತಿದ್ದವು! ಅಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ, ಇಲ್ಲಿ ಮಾತಿನ ಮೇಲೆ ಮಾತು.

ಮಧ್ಯಾಹ್ನದ ವಿಶ್ರಾಂತಿಯ ತರುವಾಯ ಬೆಟಗೇರಿ. ಇಲ್ಲಿಯ ವೀರಗಲ್ಲುಗಳನ್ನು ನೋಡಬಹುದು. ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳವನ್ನು ಕೇಳಬಹುದು. ಸೀರೆಯನ್ನು ಅಂಗಡಿಯಲ್ಲಿ ಕೊಳ್ಳುವದೇ ಬೇರೆ. ಹಾಸು ಹೊಕ್ಕುಗಳು ಕೂಡುವದನ್ನು ಕಣ್ಣಾರೆ ಕಂಡು, ನೆಯ್ದವರೊಡನೆ ಎರಡು ಮಾತಾಡಿ ಕೊಳ್ಳುವದೇ ಬೇರೆ. ಸಹಕಾರದ ವಿಷಯದಲ್ಲಿ ಆಸಕ್ತಿಯಿದ್ದವರಿಗೆ ಹತ್ತಿರದ ಕಣಗಿನಹಾಳವಿದೆ. ಅಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಹಿಂದುಸ್ತಾನದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲೊಂದು ಹುಟ್ಟಿತು. ಸಂಜೆಗೆ ವೀರೇಶ್ವರ ಪುಣ್ಯಾಶ್ರಮವನ್ನು ಸೇರಬೇಕು. ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪), ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦), ತಾವು ಕಣ್ಣಿಲ್ಲದವರಾಗಿದ್ದು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತದ ಬೆಳಕನ್ನು ಕೊಟ್ಟರು. ಹಗಲೆಲ್ಲ ಕಣ್ಣಿನಿಂದ ಉಂಡವರು ಸಂಜೆಗೆ ಕಿವಿಯಿಂದ ಉಣ್ಣುವದು ತಕ್ಕದ್ದೇ ಸರಿ.

ಎರಡನೆಯ ದಿನದ ಬೆಳಗು ಲಕ್ಕುಂಡಿಗೆ ಮೀಸಲು. ಈ ಗ್ರಾಮದಲ್ಲಿ ಗುಡಿಗಳೂ ಬಾವಿಗಳೂ ನೂರೊಂದೆಂಬ ವಾಡಿಕೆಯಿದೆ. ಆದರೆ ಮೂರು ಸ್ಥಳಗಳನ್ನು ಚೆನ್ನಾಗಿ ನೋಡಿದರೆ ಸಾಕು. ಕಾಶೀವಿಶ್ವನಾಥನ ಗುಡಿಯ ಬಾಗಿಲುವಾಡದ ಮುಂದೆ ಅರ್ಧ ಗಳಿಗೆ ನಿಲ್ಲಬೇಕು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳಿಂದ ಕಟ್ಟುತ್ತಿದ್ದರು. ಈ ಸೀಮೆಯ ಶಿಲ್ಪಿಗಳು ಬಳಪದ ಜಾತಿಯ ಮೆತ್ತನೆಯ ಕಲ್ಲನ್ನು ಹಿಡಿದರು. ಕಲ್ಲಿನ ತುಂಡುಗಳು ಚಿಕ್ಕವಾದುದರಿಂದ ಕಟ್ಟಡವು ಚಿಕ್ಕದಾಯಿತು, ಉಳಿಗೆ ಒಲಿಯುವ ಕಲ್ಲಾದುದರಿಂದ ಕೆತ್ತನೆಯು ಸೂಕ್ಷ್ಮವಾಯಿತು. ಬೇಲೂರು ಹಳೇಬೀಡುಗಳ ವೈಭವಕ್ಕೆ ದಾರಿಯು ಇಲ್ಲಿಂದಲೇ ತೆರೆಯಿತು. ಎರಡನೆಯದು ಮಾಣಿಕೇಶ್ವರದ ಮುಂದಿನ ಮುಸುಕಿನ ಬಾವಿ. ಇದರ ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗುಡಿಗೂಡುಗಳಿವೆ.

ಮೂರನೆಯದಾದ ಬ್ರಹ್ಮಜಿನಾಲಯವನ್ನು ದಂಪತಿಗಳು ವಿಶೇಷವಾಗಿ ನೋಡಬೇಕು. ಇದನ್ನು ೧೦೦೭ರ ಸುಮಾರಿಗೆ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪತಿಯಾದ ನಾಗದೇವನು ಅಕಾಲದಲ್ಲಿ ತೀರಿಹೋದನು. ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಚಿಕ್ಕ ಮಗನಿಗಾಗಿ ಬದುಕಿ ಉಳಿದಳು. ಉಳಿದು ಮಾಡಿದ್ದೇನು? ಪೊನ್ನನ ಶಾಂತಿಪುರಾಣದ ಸಾವಿರ ಓಲೆಯ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಜರ್ಮನಿಯಲ್ಲಿ ಗುಟೆನ್‌ಬರ್ಗನು ಮುದ್ರಣದ ಮೊಳೆಗಳನ್ನು ಜೋಡಿಸುವದಕ್ಕೆ ನಾಲ್ಕೂವರೆ ಶತಮಾನಗಳ ಹಿಂದೆ, ಕನ್ನಡದ ಒಬ್ಬ ಗೃಹಿಣಿಯು ಒಂದು ಗ್ರಂಥವು ಒಂದೇ ಮನೆಯಲ್ಲಿ ಕೊಳೆಯಬಾರದೆಂದು ಸಾವಿರ ಮನೆಗೆ ಕಳಿಸಿದಳು. ಈ ಕತೆಯನ್ನು ಆ ಗುಡಿಯ ನೆರಳಿನಲ್ಲಿ ಕುಳಿತು ಗಂಡನು ಹೆಂಡತಿಗೆ ಹೇಳಲಿ. ಇಲ್ಲವೆ ಹೆಂಡತಿಯು ಗಂಡನಿಗೆ ಹೇಳಲಿ, ಅದು ಇನ್ನೂ ಚೆನ್ನ.

ಮಧ್ಯಾಹ್ನ ಡಂಬಳ. ಇದು ಗದಗಿನಿಂದ ಮುಂಡರಗಿಗೆ ಹೋಗುವ ಹಾದಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರಿನ ಮೇಲಿದೆ. ಇಲ್ಲಿಯ ದೊಡ್ಡಬಸಪ್ಪನ ಗುಡಿಯ ತಳವು ಇಪ್ಪತ್ತುನಾಲ್ಕು ಮೂಲೆಗಳ ನಕ್ಷತ್ರದಂತಿದೆ. ಒಂದು ಚೌಕವನ್ನು ಬರೆದು, ಅದರ ನಡುಬಿಂದುವನ್ನು ಕದಲಿಸದೆ ಹದಿನೈದು ಹದಿನೈದು ಅಂಶಗಳಷ್ಟು ತಿರುಗಿಸುತ್ತ ಆರು ಸಲ ಬರೆದರೆ ಇದೇ ಆಕೃತಿಯು ಮೂಡುವದು. ಬುತ್ತಿಯ ಕಾಗದದ ಮೇಲೆಯೇ ಬರೆದು ನೋಡಬಹುದು; ಮನೆಗೆ ಬಂದ ಮೇಲೆ ಮೊಮ್ಮಕ್ಕಳಿಗೂ ಕಲಿಸಬಹುದು. ಈ ಊರಿನಲ್ಲಿ ಬೌದ್ಧರ ತಾರಾದೇವಿಗೆ ವಿಹಾರವಿತ್ತೆಂದು ೧೦೯೫ರ ಶಾಸನವು ಹೇಳುತ್ತದೆ. ಬಲಗಡೆ ಕಪ್ಪತಗುಡ್ಡದ ಸಾಲು ಕಾಣುತ್ತಿರುವದು. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಈ ಗುಡ್ಡವನ್ನು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಶಕ್ತಿಯುಳ್ಳವರು ಮುಂದೆ ಮುಂಡರಗಿಯ ವರೆಗೆ ಹೋಗಿ, ಅನ್ನದಾನೀಶ್ವರ ಮಠವನ್ನು ಕಂಡು, ೧೮೫೮ರಲ್ಲಿ ಇಂಗ್ಲಿಷರೊಡನೆ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದ ಮುಂಡರಗಿ ಭೀಮರಾಯನನ್ನು ನೆನೆದು ಬರಲಿ. ದಣಿದವರು ಡಂಬಳದ ಕೆರೆಯ ದಂಡೆಯಿಂದಲೇ ತಿರುಗಿದರೆ ಯಾರೂ ದೋಷ ಹೇಳುವದಿಲ್ಲ.

ಮೂರನೆಯ ದಿನ ನಸುಕಿನಲ್ಲೇಳಬೇಕು. ಗದಗಿನಿಂದ ಲಕ್ಷ್ಮೇಶ್ವರದ ಕಡೆಗೆ ಇಪ್ಪತ್ತಾರು ಕಿಲೋಮೀಟರು ಹೋದರೆ ಮಾಗಡಿಯ ಕೆರೆ. ಚಳಿಗಾಲದಲ್ಲಿ ಮಂಗೋಲಿಯ, ತಿಬೇಟಗಳ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಸಾವಿರಗಟ್ಟಲೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಕಾಳುಕಡಿ ಮೇಯ್ದು ಹಗಲಲ್ಲಿ ನೀರ ಮೇಲೆ ವಿಶ್ರಮಿಸುತ್ತವೆ. ೨೦೨೪ರಲ್ಲಿ ಈ ಕೆರೆಯು ರಾಮ್‌ಸಾರ್ ಪಟ್ಟಿಯನ್ನು ಸೇರಿ ಜಗತ್ತಿನ ಮಾನ್ಯತೆಯನ್ನು ಪಡೆಯಿತು. ಸಂಸ್ಕೃತ ಕವಿಗಳು ವರ್ಣಿಸಿದ, ಮಳೆಗಾಲದಲ್ಲಿ ಮಾನಸಸರೋವರಕ್ಕೆ ಮರಳುವ ಹಂಸವು ಇದೇ ಹಕ್ಕಿಯೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ನಾಲ್ಕು ದಶಕ ತರಗತಿಯಲ್ಲಿ ಮೇಘದೂತವನ್ನು ಪಾಠ ಹೇಳಿದ ನಮಗೆ, ಈ ಕೆರೆಯ ದಂಡೆಯ ಒಂದು ತಾಸು ಹತ್ತು ಟೀಕೆಗಳಿಗಿಂತ ಹೆಚ್ಚಿನ ಅರ್ಥವನ್ನು ಹೇಳಿತು.

ಅಲ್ಲಿಂದ ಶಿರಹಟ್ಟಿ ಎಂಟೇ ಕಿಲೋಮೀಟರು. ೧೯೪೮ರ ವರೆಗೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ, ಗದಗ ಮುಂಬಯಿ ಇಲಾಖೆಗೂ ಸೇರಿದ್ದವು. ಒಂದು ದಿನದ ಈ ಹಾದಿಯಲ್ಲಿ ನಮ್ಮ ಹಿರಿಯರು ಮೂರು ಸರಕಾರಗಳನ್ನು ದಾಟುತ್ತಿದ್ದರು! ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿದ್ದಾರೆ. ದ್ವೇಷವನ್ನು ಬಿಟ್ಟು ಪ್ರೀತಿಯನ್ನು ಮಾಡೆಂಬುದೇ ಈ ಮಠದ ಉಪದೇಶ. ಇದು ಊರಿಗೆ ಹೇಗೋ ಸಂಸಾರಕ್ಕೂ ಹಾಗೆಯೇ ಬೇಕಾದ ಮಾತು.

ಕೊನೆಯದು ಲಕ್ಷ್ಮೇಶ್ವರ, ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ನಾಲ್ಕು ಊರುಗಳ ನಡುವೆ ಇದೆಯೆಂದು ಹೇಳುತ್ತದೆಯೋ ಅವುಗಳಲ್ಲಿ ಇದು ಒಂದು. ಪಂಪನು ತನ್ನ ಕಾವ್ಯದ ನುಡಿಯು ಇಲ್ಲಿಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟಿದ್ದಾನೆ. ಶಂಖಬಸದಿಯಲ್ಲಿ ಚಿಕ್ಕ ಚಿಕ್ಕ ಜಿನಬಿಂಬಗಳಿಂದ ತುಂಬಿದ ಸಹಸ್ರಕೂಟವಿದೆ. ಆದಿಲಶಾಹಿಯ ಕಾಲದಲ್ಲಿ ೧೬೧೭ರಲ್ಲಿ ಅಂಕುಶಖಾನನು ಕಟ್ಟಿಸಿದ ಜುಮ್ಮಾ ಮಸೀದಿಯಿದೆ. ಇವೆರಡನ್ನೂ ನೋಡಿ ಇಳಿಹೊತ್ತಿಗೆ ಸೋಮೇಶ್ವರನ ವಿಶಾಲವಾದ ಆವಾರವನ್ನು ಸೇರಬೇಕು. ಸೌರಾಷ್ಟ್ರದ ಆದಯ್ಯನೆಂಬ ಭಕ್ತನು ಈ ದೇವರನ್ನು ಇಲ್ಲಿಗೆ ತಂದನೆಂಬ ಕತೆಯನ್ನು ರಾಘವಾಂಕನು ಸೋಮನಾಥಚರಿತ್ರೆಯಲ್ಲಿ ಹಾಡಿದ್ದಾನೆ. ಬೇರೆಡೆಗಳಲ್ಲಿ ಶಿವನು ಹೆಚ್ಚಾಗಿ ಲಿಂಗರೂಪಿ; ಇಲ್ಲಿ ಶಿವಪಾರ್ವತಿಯರಿಬ್ಬರೂ ಒಂದೇ ನಂದಿಯ ಮೇಲೆ ಜೊತೆಯಾಗಿ ಕುಳಿತಿದ್ದಾರೆ. ಪ್ರವಾಸ ಹೊರಟ ದಂಪತಿಗಳಿಗೆ ಇದಕ್ಕಿಂತ ಉಚಿತವಾದ ದರ್ಶನವುಂಟೆ? ಅವನೊಬ್ಬನೇ ಮುಂದೆ, ಅವಳು ಗಂಟು ಹೊತ್ತು ಹಿಂದೆ, ಎಂಬ ಕ್ರಮವನ್ನು ದೇವರೂ ಇಟ್ಟುಕೊಂಡಿಲ್ಲ.

ಸಹಧರ್ಮಚಾರಿಣಿ ಎಂಬ ಶಬ್ದಕ್ಕೆ ಕೂಡಿ ಧರ್ಮವನ್ನಾಚರಿಸುವವಳೆಂದು ಅರ್ಥ. ಕೂಡಿ ದುಡಿದುದಾಯಿತು, ಕೂಡಿ ಮಕ್ಕಳನ್ನು ಸಾಕಿದುದಾಯಿತು; ಕೂಡಿ ನೋಡುವದೊಂದು ಉಳಿದಿದೆ. ಖರ್ಚು ಬಹಳವಿಲ್ಲ, ದೂರವೂ ಬಹಳವಿಲ್ಲ. ಈ ಸಂಚಿಕೆಯನ್ನು ಓದಿ ಮುಗಿಸಿದ ಗೃಹಸ್ಥರು ಗೋಡೆಯ ಮೇಲಿನ ದಿನದರ್ಶಿಕೆಯನ್ನು ಇಳಿಸಿ, ಮನೆಯವರನ್ನು ಹತ್ತಿರ ಕರೆದು, ಮೂರು ದಿನಗಳ ಮೇಲೆ ಗುರುತು ಮಾಡಲಿ. ಗುರುತನ್ನು ಆಕೆಯ ಕೈಯಿಂದಲೇ ಹಾಕಿಸಿದರೆ ಉತ್ತಮ. ಆಗ ಅದನ್ನು ಅಳಿಸುವ ಧೈರ್ಯವು ಆತನಿಗೆ ಬಾರದು.