ಅಲಾಯಿ ಕುಣಿಗೆ ಗಣಪನ ತಗಡು

ಬಳ್ಳಾರಿ ಸೀಮೆಯಲ್ಲಿ ಹೆಸರು ಕೇಳಿ ಮನುಷ್ಯನ ಜಾತಿ ಹೇಳಲಿಕ್ಕೆ ಬರುವುದಿಲ್ಲ. ಹುಸೇನಪ್ಪ, ಫಕೀರಪ್ಪ, ಇಮಾಮಪ್ಪ, ಮೌಲಪ್ಪ ಅಂತ ಕರೆದರೆ ಓ ಅನ್ನುವವರು ಲಿಂಗಾಯತರೋ ಕುರುಬರೋ ನಾಯಕರೋ ಆಗಿರುತ್ತಾರೆ. ಮಕ್ಕಳಾಗಲಿಲ್ಲವೆಂದು ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತು, ಹುಟ್ಟಿದ ಕೂಸಿಗೆ ದೇವರ ಹೆಸರನ್ನೇ ಇಟ್ಟಿದ್ದು. ಕುಳ್ಳಾಯಪ್ಪ ಎಂಬ ಹೆಸರು ಪಕ್ಕದ ಅನಂತಪುರ ಜಿಲ್ಲೆಯ ಗೂಗೂಡಿನ ಕುಳ್ಳಾಯಿಸ್ವಾಮಿಯಿಂದ ಬಂದದ್ದು. ಅಲ್ಲಿಯ ಮೊಹರಂಗೆ ನಮ್ಮ ಕಡೆಯ ಜನ ಇವತ್ತಿಗೂ ಹೋಗುತ್ತಾರೆ. ನಮ್ಮ ತಾತನ ಹೆಸರು ಹುಸೇನಪ್ಪ. ಕೊರಳಲ್ಲಿ ಸದಾ ಲಿಂಗವಿರುತ್ತಿತ್ತು. ಮೊಹರಂ ಚಂದ್ರ ಕಂಡ ಮೇಲೆ ಅದರ ಜೊತೆಗೆ ಲಾಡಿ ದಾರ ಬೀಳುತ್ತಿತ್ತು, ಆ ಹತ್ತು ದಿನ ತಾತ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಈಗ ಹೇಳುತ್ತಿರುವುದು ಹಲಕುಂದಿಯಲ್ಲಿ ನಾನು ಹುಡುಗನಾಗಿದ್ದಾಗಿನ ಮಾತು, 1986ರ ಸೆಪ್ಟೆಂಬರ್. ಆ ವರ್ಷ ಗಣಪನ ಹಬ್ಬವೂ ಮೊಹರಮ್ಮೂ ಒಂದೇ ಚಂದ್ರನಿಗೆ ಬಂದಿದ್ದವು. ಇದು ಅಪರೂಪಕ್ಕೆ ಆಗುವಂಥದ್ದು. ಹಿಜರಿ ವರ್ಷ ನಮ್ಮ ಇಂಗ್ಲಿಷ್ ಕ್ಯಾಲೆಂಡರಿಗಿಂತ ಹನ್ನೊಂದು ದಿನದಷ್ಟು ಚಿಕ್ಕದು. ಪಂಚಾಂಗದವರು ಅಧಿಕ ಮಾಸ ಹಾಕಿ ಸರಿದೂಗಿಸುತ್ತಾರೆ, ಹಿಜರಿಯಲ್ಲಿ ಆ ಲೆಕ್ಕವಿಲ್ಲ. ಹೀಗಾಗಿ ಮೊಹರಂ ಹಿಂದಕ್ಕೆ ಸರಿಯುತ್ತ ಎಲ್ಲ ಕಾಲಗಳನ್ನೂ ಸುತ್ತಿ ಬರಲು ಮೂವತ್ಮೂರು ವರ್ಷದ ಹತ್ತಿರ ಹಿಡಿಯುತ್ತದೆ. ಭಾದ್ರಪದಕ್ಕೆ ಬಂದಾಗ ಮಾತ್ರ ಅಮಾವಾಸ್ಯೆ ಕಳೆದು ಕಾಣುವ ಒಂದೇ ಚಂದ್ರನಿಗೆ ಎರಡೂ ಹಬ್ಬ ಶುರು. ಮೊದಲು ಚೌತಿ, ಅದಾದ ವಾರಕ್ಕೆ ಮೊಹರಮ್ಮಿನ ಹತ್ತನೇ ದಿನದ ಹಿಂದಿನ ಖತಲ್ ರಾತ್ರಿ.

ಊರಿನ ಹುಡುಗರಿಗೆ ಅದಕ್ಕಿಂತ ಹೆಚ್ಚಿನದು ಬೇಕೇ? ಹಗಲೆಲ್ಲ ಗಣಪನ ಪೆಂಡಾಲಿನಲ್ಲಿ, ಸಂಜೆಯಾದರೆ ಪೀರಲ ಗುಡಿಯ ಮುಂದೆ. ಚಂದ್ರ ಕಂಡ ದಿನವೇ ಗುಡಿ ಮುಂದೆ ಗುದ್ದಲಿ ಬಿದ್ದು, ಬೆಂಕಿ ಹಾಕುವ ಅಲಾಯಿ ಕುಣಿ ತೋಡಿದ್ದರು. ಗಣಪನ ಚಂದಾ ಎತ್ತಿದ ಹುಡುಗರೇ ಬಂಡಿ ಕಟ್ಟಿಕೊಂಡು ಹೋಗಿ ಕುಣಿಗೆ ಜಾಲಿ ಕೊರಡು ತಂದರು. ಪೆಟ್ಟಿಗೆಯಿಂದ ದೇವರ ಲೋಹದ ಹಸ್ತಗಳಾದ ಪಂಜಾಗಳನ್ನು ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ದಟ್ಟಿ ಉಡಿಸಿ ಸಾಲಾಗಿ ನಿಲ್ಲಿಸಿದರು. ಹಸನ, ಹುಸೇನ, ಖಾಸೀಮ, ಬೀಬಿ ಫಾತಿಮಾ. ಒಬ್ಬೊಬ್ಬ ದೇವರನ್ನು ಹೊರಲು ಒಂದೊಂದು ಮನೆತನ, ಹಲಿಗೆ ಬಡಿಯಲು ಒಂದು ಮನೆತನ, ಕೊಳ್ಳಿ ಹಿಡಿಯಲು ಇನ್ನೊಂದು. ಗುಡಿ ನೋಡಿಕೊಳ್ಳುವ ಮುಜಾವರ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಗಣಪನ ಮುಂದೆ ಕಾಯಿ ಒಡೆಸಿ ಬಂದವರೇ.

ಹರಕೆಯ ಮಕ್ಕಳಿಗೆ ಹುಲಿವೇಷ. ಮೈಗೆ ಮಸಿ ಬಳಿದುಕೊಂಡು, ಕಾಗದದ ಚೂಪು ಟೊಪ್ಪಿಗೆ ಹಾಕಿ, ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಮನೆಮನೆ ತಿರುಗುವ ಅಳ್ಳೊಳ್ಳಿ ಬವ್ವನನ್ನು ಕಂಡರೆ ನನಗೆ ಹೆದರಿಕೆಯೂ ಆಸೆಯೂ ಒಟ್ಟಿಗೇ ಆಗುತ್ತಿತ್ತು.

ನಮ್ಮ ಅಜ್ಜಿ ಮಾತ್ರ ಈ ಗದ್ದಲಕ್ಕೆ ಬರುತ್ತಿರಲಿಲ್ಲ. ಕರ್ಬಲಾ ಕಥೆಯ ರಿವಾಯತ್ ಪದ ಹಾಡುವ ಮೇಳ ನಮ್ಮ ಕಟ್ಟೆಗೆ ಬಂದು ಕೂತಾಗ ಬಾಗಿಲ ಮರೆಗೆ ಕೂತು ಕೇಳುತ್ತಿದ್ದಳು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರನ್ನೂ ಅವರ ಕಡೆಯವರನ್ನೂ ಯಜೀದನ ಸೈನ್ಯ ಯೂಫ್ರೆಟಿಸ್ ನದಿಯ ನೀರು ಮುಟ್ಟಗೊಡದೆ ಕೊಂದಿತು. ಆ ಕಥೆ ವಿಜಯಪುರದ ಆದಿಲಶಾಹಿಗಳ ಕಾಲದಿಂದ ಈ ಬಯಲಿನಲ್ಲಿ ಹರಡಿ, ಅಚ್ಚ ಕನ್ನಡದ ಪದವಾಗಿ ಒಕ್ಕಲಿಗರ ಬಾಯಲ್ಲಿ ಉಳಿದಿದೆ. ಇದನ್ನು ನಾನು ತಿಳಿದದ್ದು ಮುಂದೆ ರಹಮತ್ ತರೀಕೆರೆಯವರ ಬರಹಗಳನ್ನು ಓದಿದ ಮೇಲೆ. ಅಜ್ಜಿಗೆ ಕರ್ಬಲಾ ಎಂದರೆ ಆದೋನಿಯ ಆಚೆ ಎಲ್ಲೋ ಇರುವ ಊರು. ಪದಗಳಲ್ಲಿ ಬರುವ ಖಾಸೀಮ ಮದುವೆಯ ಅರಿಸಿನ ಆರುವ ಮೊದಲೇ ಯುದ್ಧಕ್ಕೆ ಹೊರಟವನು. ಆ ಜಾಗ ಬಂದಾಗ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

'ನೀರು ಕೇಳಿದ್ರೆ ಇಲ್ಲ ಅಂದ್ರಂತಲ್ಲಪ್ಪ. ಮಂದಿ ಹಂಗೂ ಇರ್ತಾರೇನು?' ಎಂದು ನನ್ನನ್ನೇ ಕೇಳುವಳು. ಕೊಡ ಹೊತ್ತು ಬಾವಿಯಿಂದ ಬಾವಿಗೆ ಅಲೆದ ಬಳ್ಳಾರಿ ಬಿಸಿಲಿನ ಹೆಂಗಸು ಅವಳು. ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಪಾಪ ಇನ್ನೊಂದಿರಲಿಲ್ಲ. ಹಾಡಿದವರಿಗೆ ಬೆಲ್ಲದ ಪಾನಕ ಕುಡಿಸದೆ ಎಂದೂ ಕಳಿಸಲಿಲ್ಲ.

ಗಣಪನನ್ನು ಐದನೇ ದಿನಕ್ಕೆ ಬಾವಿಗೆ ಬಿಟ್ಟಿದ್ದೆವು. ಬಳ್ಳಾರಿ ಪ್ಯಾಟೆಯಿಂದ ಬಾಡಿಗೆಗೆ ತಂದಿದ್ದ ತಗಡು, ಗಳ ಇನ್ನೂ ಹಾಗೇ ನಿಂತಿದ್ದವು. ಖತಲ್ ರಾತ್ರಿ ಊಟ ಮುಗಿಸಿ ಊರೆಲ್ಲ ಗುಡಿ ಮುಂದೆ ಸೇರಿತು. ಕುಣಿಯಲ್ಲಿ ಕೊರಡು ಧಗಧಗ ಉರಿಯುತ್ತಿತ್ತು. ಕಾಲಿಗೆ ಗೆಜ್ಜೆ, ತಲೆಗೆ ರುಮಾಲು ಕಟ್ಟಿದ ಹೆಜ್ಜೆ ಮೇಳದವರು ಸುತ್ತು ಹಾಕುತ್ತಿದ್ದರು. ಮಳೆ ಬಂದದ್ದು ಆಗಲೇ. ಸೆಪ್ಟೆಂಬರಿನ ಮಳೆ ನಮ್ಮಲ್ಲಿ ಹೇಳಿ ಕೇಳಿ ಬರುವುದಿಲ್ಲ. ಹಲಿಗೆಯ ಚರ್ಮ ನೆನೆದು ಸದ್ದು ಸತ್ತುಹೋಯಿತು. ಕುಣಿಯಿಂದ ಚುರ್ರೆಂದು ಬಿಳಿ ಹೊಗೆ ಏಳತೊಡಗಿತು. ಬೆಳಗಿನ ಜಾವ ದೇವರುಗಳು ಕೆಂಡ ಹಾಯಬೇಕು, ಅಷ್ಟರೊಳಗೆ ಬೆಂಕಿ ಆರಿತೆಂದರೆ ಊರಿಗೇ ಕೇಡು ಎಂದು ಹೆಂಗಸರು ಕೈ ಮುಗಿದು ನಿಂತರು.

'ಪೆಂಡಾಲಿನ ತಗಡು ಕಿತ್ರಿ' ಎಂದು ಕೂಗಿದವನು ತಾತ.

ಗಣಪನ ಕಮಿಟಿಯ ಒಬ್ಬ ಹಿರಿಯರು ತಡೆದರು. 'ಹುಸೇನಪ್ಪಣ್ಣ, ಬಾಡಿಗಿ ತಗಡವು. ಬೆಂಕಿ ಮ್ಯಾಲೆ ಹಿಡಿದ್ರೆ ಸೊಟ್ಟ ಆಗ್ತಾವು. ರೊಕ್ಕ ಯಾರು ಕೊಡೋರು?'

'ರೊಕ್ಕದ್ದು ಬೆಳಕು ಹರಿದ ಮ್ಯಾಲೆ ಮಾತಾಡಾಣಂತೆ. ಮೊದ್ಲು ಕೀಳಲೇ ತಮ್ಮ!'

ಹುಡುಗರು ಪೆಂಡಾಲು ಹತ್ತಿಯಾಗಿತ್ತು. ಒಂದೊಂದು ತಗಡಿಗೆ ಎರಡೆರಡು ಗಳ ಕಟ್ಟಿ, ನಾಲ್ಕು ನಾಲ್ಕು ಮಂದಿ ತಲೆಯ ಮೇಲೆತ್ತಿ ಕುಣಿಯ ಸುತ್ತ ನಿಂತರು. ತಗಡಿನ ಮೇಲೆ ಮಳೆ, ಕೆಳಗೆ ಕಾವು. ಗಾಳಿ ತಿರುಗಿದಾಗೆಲ್ಲ ಹೊಗೆ ಮುಖಕ್ಕೇ ಬಡಿಯುತ್ತಿತ್ತು, ಕೈ ಸೋತವನ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಿದ್ದ. ಒಂದು ತಗಡಿನ ಅಂಚಿಗೆ ಗಣಪನ ಮಾಲೆಯ ಒಣಗಿದ ಚೆಂಡುಹೂವು ಇನ್ನೂ ನೇತಾಡುತ್ತಿತ್ತು. ನಮ್ಮಂಥ ಚಿಕ್ಕವರಿಗೆ ಮನೆಮನೆಯಿಂದ ಒಣ ಹತ್ತಿಕಟ್ಟಿಗೆ ತರುವ ಕೆಲಸ. ಎಂದೂ ಗದ್ದಲಕ್ಕೆ ಬಾರದ ಅಜ್ಜಿ ತನ್ನ ಒಲೆಗೆಂದು ಅಟ್ಟದ ಮೇಲಿಟ್ಟಿದ್ದ ಹೊರೆಯನ್ನು ತಾನೇ ಹೊತ್ತು ತಂದು ಹಾಕಿದಳು.

ಮಳೆ ನಿಂತಾಗ ಕುಣಿಯ ನಡುವೆ ಕೆಂಡ ಉಳಿದಿತ್ತು. ಹಲಿಗೆಯನ್ನು ಅದೇ ಕಾವಿಗೆ ಹಿಡಿದು ಒಣಗಿಸಿದರು, ಸದ್ದು ತಿರುಗಿ ಬಂತು. ಪಂಜಾ ಹೊತ್ತವರು ಒಬ್ಬರ ಹಿಂದೊಬ್ಬರು ಕೆಂಡ ಹಾಯ್ದರು. ಕೊನೆಗೆ ಖಾಸೀಮನನ್ನು ಎದೆಗವುಚಿಕೊಂಡು ತಾತ. ಮರುದಿನ ಸಂಜೆ ದೇವರು ಹೊಳೆಗೆ ಹೋಗುವ ಶಾಸ್ತ್ರವಾಯಿತು, ಕುಣಿಗೆ ಮಣ್ಣೆಳೆದರು, ಮನೆಮನೆಗೆ ಸಕ್ಕರೆ ಚೋಂಗೆ ಹಂಚಿದರು.

ತಗಡಿನ ಲೆಕ್ಕ ಮಾತ್ರ ಬಾಕಿ ಉಳಿಯಿತು. ಸೊಟ್ಟಗಾದವಕ್ಕೆಲ್ಲ ಬಾಡಿಗೆಯವನು ಬೆಲೆ ಕಟ್ಟಿದ. ಗಣಪನ ದುಡ್ಡಿನಲ್ಲೇ ಕೊಡೋಣ, ಪೆಂಡಾಲು ನಮ್ಮದಲ್ಲವೇ ಎಂದು ಕಮಿಟಿಯ ಹುಡುಗರು. ಛೇ, ಸುಟ್ಟದ್ದು ನಮ್ಮ ದೇವರ ಬೆಂಕಿ ಎಂದು ಪೀರಲ ಗುಡಿಯವರು. ನಾವು ಕೊಡುತ್ತೇವೆ, ನಾವು ಕೊಡುತ್ತೇವೆ ಎಂದು ಹನುಮಪ್ಪನ ಕಟ್ಟೆಯ ಮೇಲೆ ಅರ್ಧ ದಿನ ಜಗಳ. ಕಡೆಗೆ ಸಗಂ ಸಗಂ, ಅರ್ಧರ್ಧ ಎಂದು ತೀರ್ಮಾನವಾಯಿತು. ಎರಡೂ ಲೆಕ್ಕದ ಪುಸ್ತಕ ಬರೆಯುತ್ತಿದ್ದವರು ನಮ್ಮೂರ ಮೇಷ್ಟ್ರೊಬ್ಬರೇ. ಮೊದಲು ಗಣಪನ ಪುಸ್ತಕ ತೆರೆದು ತಗಡಿನ ಬಾಬ್ತು ಎಂದು ಬರೆದರು, ಅದನ್ನು ಮುಚ್ಚಿ ಪೀರಲ ಪುಸ್ತಕ ತೆರೆದು ಅದೇ ಮೊತ್ತ ಬರೆದರು. ಮಧ್ಯಾಹ್ನದ ಬಸ್ಸಿಗೆ ತಾತ ರೊಕ್ಕ ಕಟ್ಟಿಬರಲು ಬಳ್ಳಾರಿಗೆ ಹೋದ.