ಅಶೋಕನ ಹೆಸರು ಹೇಳಿದ ಊರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸು ಹೆಚ್ಚುಕಡಿಮೆ ಅರ್ಧ ದಾರಿ ಸವೆಸಿದಾಗ ಮಸ್ಕಿ ಬರುತ್ತದೆ. ಬಸ್ಸು ನಿಲ್ಲುವ ನಾಲ್ಕೈದು ನಿಮಿಷಗಳಲ್ಲಿ ಪ್ರಯಾಣಿಕರ ಗಮನವೆಲ್ಲ ಮಂಡಾಳ ಒಗ್ಗರಣಿ, ಬಿಸಿ ಮಿರ್ಚಿಯ ಕಡೆಗೇ. ಊರಿಗೆ ಬೆನ್ನು ಕೊಟ್ಟು ನಿಂತ ಬಂಡೆಗಲ್ಲಿನ ಗುಡ್ಡದತ್ತ ಕಣ್ಣು ಹಾಯಿಸುವವರು ಕಡಿಮೆ. ಆದರೆ ಭಾರತದ ಇತಿಹಾಸದ ಒಂದು ದೊಡ್ಡ ಅನುಮಾನ ಬಗೆಹರಿದದ್ದು ಆ ಗುಡ್ಡದಲ್ಲೇ.

ಊರವರು ಅದನ್ನು ದುರ್ಗದ ಗುಡ್ಡ ಎನ್ನುತ್ತಾರೆ. ಮೇಲೆ ಮಲ್ಲಿಕಾರ್ಜುನನ ಗುಡಿಯಿದೆ. ಗುಡ್ಡದ ಪಡುವಣ ಇಳಿಜಾರಿನಲ್ಲಿ, ಗವಿಯಂಥ ಜಾಗದಲ್ಲಿ ಬಿದ್ದ ದೊಡ್ಡ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಎಂಟು ಸಾಲುಗಳಿವೆ. ಭಾಷೆ ಪ್ರಾಕೃತ. 1915ರ ಜನವರಿ 27ರಂದು ಅದನ್ನು ಕಂಡವರು ಸಿ. ಬೀಡನ್. ಅವರು ಪುರಾತತ್ವದ ಪಂಡಿತರಲ್ಲ, ಚಿನ್ನದ ಗಣಿಯ ಎಂಜಿನಿಯರು. ನಿಜಾಮನ ಸೀಮೆಯಲ್ಲಿ ಬಂಗಾರದ ಜಾಡು ಹಿಡಿದು ಅಲೆಯುತ್ತಿದ್ದವರಿಗೆ ಸಿಕ್ಕದ್ದು ಅಕ್ಷರ!

ಈ ಎಂಟು ಸಾಲಿಗೆ ಅಷ್ಟೊಂದು ಮಹತ್ವ ಏಕೆ ಎಂದು ಹೈಸ್ಕೂಲು ಹುಡುಗರು ಕೇಳುವುದು ಸಹಜ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ, ದೇಶದ ಉದ್ದಗಲಕ್ಕೂ ಕಂಬ ಮತ್ತು ಬಂಡೆಗಳ ಮೇಲೆ ಒಬ್ಬನೇ ರಾಜ ಮಾತನಾಡುತ್ತಿರುವುದು ತಿಳಿಯಿತು. ಆದರೆ ಆತ ತನ್ನನ್ನು ಕರೆದುಕೊಂಡದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ. ಹಾಗಾದರೆ ಈತ ಯಾರು? ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪ್ ಮೊದಲು ಭಾವಿಸಿದ್ದರು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥಗಳನ್ನು ನೋಡಿ, ಇವನು ಮೌರ್ಯ ವಂಶದ ಅಶೋಕ ಎಂದರು. ವಿದ್ವಾಂಸರು ಒಪ್ಪಿದರು. ಆದರೂ ಕಲ್ಲಿನ ಸಾಕ್ಷಿಯೊಂದು ಬೇಕಿತ್ತು. ಮುಕ್ಕಾಲು ಶತಮಾನ ಕಾದ ಮೇಲೆ ಅದು ಮಸ್ಕಿಯಲ್ಲಿ ಸಿಕ್ಕಿತು. ಶಾಸನ ಆರಂಭವಾಗುವುದೇ ‘ದೇವಾನಾಂಪ್ರಿಯ ಅಶೋಕ’ನ ಹೆಸರಿನಿಂದ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಹೈದರಾಬಾದು ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯೇ ಅದು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಅಶೋಕನ ಹೆಸರಿರುವ ಶಾಸನಗಳು ದೊರೆತವು. ಮೊದಲಿನದೆಂಬ ಮಾತು ಮಾತ್ರ ಮಸ್ಕಿಗೇ ಸಲ್ಲುತ್ತದೆ.

ಶಾಸನದಲ್ಲಿ ಯುದ್ಧದ ಸುದ್ದಿಯಿಲ್ಲ, ಕಪ್ಪಕಾಣಿಕೆಯ ಲೆಕ್ಕವಿಲ್ಲ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಮೀರಿತು, ಸಂಘದ ಸಂಪರ್ಕ ಬಂದ ಮೇಲೆ ಹೆಚ್ಚು ಪ್ರಯತ್ನಶೀಲನಾದೆ ಎಂದು ಅರಸ ಹೇಳಿಕೊಳ್ಳುತ್ತಾನೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಫಲ ಪಡೆಯಬಲ್ಲ, ಇದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ತಾತ್ಪರ್ಯ. ಪಾಟಲಿಪುತ್ರದಿಂದ ಇಷ್ಟು ದೂರಕ್ಕೆ ಬಂದು, ಇಲ್ಲಿನ ಸಣ್ಣವರನ್ನು ನೆನೆದದ್ದು ಏಕೆ?

ಉತ್ತರಕ್ಕೆ ಭೂಪಟ ಬಿಡಿಸಬೇಕು. ಮೌರ್ಯ ಸಾಮ್ರಾಜ್ಯದ ದಕ್ಷಿಣದ ಅಂಚು ಇದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಆಂಧ್ರದ ಎರ್ರಗುಡಿ ಹೀಗೆ ಅಶೋಕನ ಕಿರು ಶಾಸನಗಳು ಈ ಭಾಗದಲ್ಲಿ ಗುಂಪುಗೂಡಿವೆ. ಬ್ರಹ್ಮಗಿರಿಯ ಶಾಸನ ‘ಸುವರ್ಣಗಿರಿ’ಯಲ್ಲಿದ್ದ ರಾಜಕುಮಾರನ ಅಪ್ಪಣೆಯನ್ನು ಹೇಳುತ್ತದೆ. ಆ ಸುವರ್ಣಗಿರಿ ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುವವರಿದ್ದಾರೆ, ಮಸ್ಕಿಯೇ ಎನ್ನುವವರಿದ್ದಾರೆ, ಕರ್ನೂಲು ಕಡೆಯ ಜೊನ್ನಗಿರಿ ಎನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ. ಸುವರ್ಣಗಿರಿ, ಕನಕಗಿರಿ ಎಂಬ ಹೆಸರುಗಳಲ್ಲಿ ಬಂಗಾರದ ಸದ್ದು ಕೇಳುವುದನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ಭೂವಿಜ್ಞಾನಿಗಳು ಇಲ್ಲಿನ ಶಿಲಾಪಟ್ಟಿಗೆ ಇಟ್ಟ ಹೆಸರು ‘ಹಟ್ಟಿ–ಮಸ್ಕಿ’ ಪಟ್ಟಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪುರಾತನರು 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಯಂತ್ರವಿಲ್ಲ, ಸಿಡಿಮದ್ದಿಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸುವುದು, ಕೆಂಪಗೆ ಕಾದ ಕಲ್ಲಿನ ಮೇಲೆ ನೀರು ಸುರಿಯುವುದು, ಬಿರುಕು ಬಿಟ್ಟದ್ದನ್ನು ಒಡೆದು ಹೊತ್ತು ತರುವುದು. ಆ ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡಿನ ವಯಸ್ಸು ಇಂಗಾಲದ ಪರೀಕ್ಷೆಯಲ್ಲಿ ಸುಮಾರು 2000 ವರ್ಷ ಎಂದು ತಿಳಿಯಿತು. ಹೊಗೆ ತುಂಬಿದ ಆ ಕತ್ತಲಲ್ಲಿ ದುಡಿದವರ ಒಂದು ಹೆಸರೂ ಯಾವ ಕಲ್ಲಿನ ಮೇಲೂ ಇಲ್ಲ.

ಚಿನ್ನ ಮತ್ತು ಗಡಿ ಎರಡೂ ಕೂಡಿದ ಊರು ಎಂದಾಗ ಅಮೆರಿಕದ ಪಶ್ಚಿಮ ಸೀಮೆಯ ಡೆಡ್‌ವುಡ್‌ ನೆನಪಾಗದೆ ಇರದು. 1874ರಲ್ಲಿ ಅಲ್ಲಿನ ಬ್ಲ್ಯಾಕ್ ಹಿಲ್ಸ್ ಗುಡ್ಡಗಳಲ್ಲಿ ಚಿನ್ನ ಕಂಡಿತು, 1876ರ ಹೊತ್ತಿಗೆ ಊರೇ ಎದ್ದಿತು. ಇಂದು ಬೇಸಿಗೆಯಲ್ಲಿ ನಟರು ಹಳೆಯ ಕಾಲದ ಟೋಪಿ ಧರಿಸಿ, ಅಂದಿನ ಕೊಲೆ ಮೊಕದ್ದಮೆಯನ್ನು ಪ್ರವಾಸಿಗಳ ಮುಂದೆ ಆಡಿ ತೋರಿಸುತ್ತಾರೆ. ಕೇವಲ ಒಂದೂವರೆ ಶತಮಾನದ ಚರಿತ್ರೆಗೆ ಇಷ್ಟು ಸಂಭ್ರಮ! ಆ ಗುಡ್ಡಗಳನ್ನು 1868ರ ಒಪ್ಪಂದ ಲಕೋಟಾ ಜನರಿಗೆ ಬಿಟ್ಟುಕೊಟ್ಟಿತ್ತು, ಚಿನ್ನ ಕಂಡೊಡನೆ ಒಪ್ಪಂದ ಗಾಳಿಗೆ ಹೋಯಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪರಿಹಾರದ ಹಣ ಕೊಡಬೇಕೆಂದಿತು. ಲಕೋಟಾಗಳು ನೆಲವೇ ಬೇಕೆಂದು ಹಣವನ್ನು ಮುಟ್ಟಲಿಲ್ಲ.

ಮಸ್ಕಿಯ ಗಡಿತನ ಅಷ್ಟು ಬೇಗ ಮುಗಿದದ್ದಲ್ಲ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡು ಎಂದರು, ಇಂಗ್ಲಿಷರು ರಾಯಚೂರು ದೋ-ಆಬ್ ಎಂದರು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಊರಿನ ಹೆಸರು ಪಿರಿಯ ಮೊಸಂಗಿ. ಸುಮಾರು 1020ರಲ್ಲಿ ಚೋಳ ರಾಜೇಂದ್ರ, ಕಲ್ಯಾಣ ಚಾಲುಕ್ಯ ಜಯಸಿಂಹನನ್ನು ‘ಮುಸಂಗಿ’ಯಲ್ಲಿ ಸೋಲಿಸಿದೆನೆಂದು ಹೇಳಿಕೊಂಡಿದ್ದಾನೆ. ಅದು ಇದೇ ಮಸ್ಕಿ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಮುಂದೆ ವಿಜಯನಗರ ಮತ್ತು ಬಹಮನಿಗಳು, ಅವರ ನಂತರ ಆದಿಲಶಾಹಿಗಳು ಇದೇ ಮಣ್ಣಿಗಾಗಿ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಕೊನೆಗೆ ನಿಜಾಮನ ಪಾಲಾದ ದೋ-ಆಬ್ 1853ರಲ್ಲಿ ಬ್ರಿಟಿಷರ ಕೈಗೆ ಹೋಗಿ, 1860ರಲ್ಲಿ ಮತ್ತೆ ನಿಜಾಮನಿಗೆ ಬಂತು. ಒಂದೇ ಹೊಲಕ್ಕೆ ಎಷ್ಟು ಒಡೆಯರು!

ಅರಸರಿಗಿಂತ ಹಿಂದೆ ಹೋಗಬೇಕೆನ್ನುವವರಿಗೂ ಮಸ್ಕಿಯಲ್ಲಿ ಸಾಮಗ್ರಿ ಇದೆ. ಹತ್ತೊಂಬತ್ತನೇ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಪ್ರಾಚೀನ ನೆಲೆಯನ್ನು ಗುರುತಿಸಿದ್ದರು. 1954ರಲ್ಲಿ ಬಿ.ಕೆ. ಥಾಪರ್ ಅಗೆತ ನಡೆಸಿ, ನವಶಿಲಾ–ತಾಮ್ರಶಿಲಾ ಕಾಲ, ಬೃಹತ್ ಶಿಲಾ ಸಮಾಧಿಗಳ ಕಾಲ, ಆದಿ ಇತಿಹಾಸ ಕಾಲ, ಮಧ್ಯಕಾಲ ಎಂದು ನಾಲ್ಕು ಪದರಗಳನ್ನು ಬಿಡಿಸಿಟ್ಟರು. ವಳಕಮದಿನ್ನಿ, ಮರಳದಿನ್ನಿಗಳಂಥ ಹೆಸರುಗಳ ಕೊನೆಯ ‘ದಿನ್ನಿ’ ಎಂದರೆ ದಿಣ್ಣೆ, ಎತ್ತರದ ನೆಲ. ಈ ಸೀಮೆಯಲ್ಲಿ ಎಷ್ಟೋ ದಿನ್ನಿಗಳು ಹಳೆಯ ಜನವಸತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತವೆ. ಗದ್ದೆಗಾಗಿ ಒಂದು ದಿನ್ನಿಯನ್ನು ಸಮತಟ್ಟು ಮಾಡಿದರೆ ಅಗೆದು ಓದಬೇಕಾದ ಪುಸ್ತಕವೊಂದು ಹೋದಂತೆಯೇ. ಮಡಕೆಯ ಚೂರು ಕಂಡಾಗ ಮಕ್ಕಳು ಅದನ್ನು ಜೇಬಿಗೆ ಹಾಕದೆ, ಶಾಲೆಯ ಮೇಷ್ಟ್ರಿಗೆ ಜಾಗ ತೋರಿಸುವುದನ್ನು ಕಲಿಯಬೇಕು.

ಗದ್ದೆಯ ಮಾತು ಬಂದಾಗ ಇನ್ನೊಂದು ಗಡಿ ಎದುರಾಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ, ಎಡದಂಡೆ ಕಾಲುವೆಯ ಕೆಳಗೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ರೈತರು ಬಂದು ನೆಲೆಸಿದರು. ಅವರ ವಸತಿಗಳಿಗೆ ಇಂದಿಗೂ ‘ಕ್ಯಾಂಪ್’ ಎಂಬುದೇ ಹೆಸರು. ಸಿಂಧನೂರಿನ ಬಳಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರ ಕ್ಯಾಂಪುಗಳೂ ಇವೆ. ಕನ್ನಡ, ತೆಲುಗು, ಉರ್ದು, ಬಂಗಾಲಿ ಮಾತನಾಡುವ ಮನೆಗಳ ಮಕ್ಕಳು ಒಂದೇ ಸೀಮೆಯಲ್ಲಿ ಬೆಳೆಯುತ್ತಿದ್ದಾರೆ. ಕಾಲುವೆ ಮುಟ್ಟದ ಊರುಗಳದು ಬೇರೆ ಕಥೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ರೈತರು 2020ರಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ನದಿಗಳೆರಡರ ನಡುವೆ ಇದ್ದೂ ನೀರಿಗಾಗಿ ಕೂರಬೇಕಾಗಿ ಬಂದದ್ದನ್ನು ಪಠ್ಯಪುಸ್ತಕದ ‘ಫಲವತ್ತಾದ ದೋ-ಆಬ್’ ಎಂಬ ಒಂದು ಸಾಲು ಹೇಳುವುದಿಲ್ಲ.

ಶಾಲಾ ಪ್ರವಾಸವೆಂದರೆ ಹಂಪಿ, ಬಿಜಾಪುರ ಎಂಬ ರೂಢಿ ಇದೆ. ಅವು ಬೇಡವೆಂದಲ್ಲ. ಆದರೆ ಲಿಂಗಸುಗೂರು, ಸಿಂಧನೂರು ಕಡೆಯ ಎಷ್ಟೋ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ‘ಮಸ್ಕಿ ಶಾಸನದ ಮಹತ್ವ’ವನ್ನು ಎರಡು ಅಂಕಕ್ಕೆ ಬರೆದು, ಬಂಡೆಯನ್ನು ನೋಡದೆಯೇ ಶಾಲೆ ಮುಗಿಸುತ್ತಾರೆಂಬುದು ಬೇಸರದ ಸಂಗತಿ. ಬೆಳಗಿನ ಹೊತ್ತು ಗುಡ್ಡಕ್ಕೆ ಹೋಗುವುದು ಒಳ್ಳೆಯದು. ಬಿಸಿಲೇರಿದರೆ ಬಂಡೆ ಕಾದ ಹಂಚಾಗುತ್ತದೆ. ಶಾಸನ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಕ್ಷರಗಳ ಮೇಲೆ ಕೈಯಾಡಿಸುವುದು, ಸೀಮೆಸುಣ್ಣ ಬಳಿಯುವುದು ಸಲ್ಲದು. ಬ್ರಾಹ್ಮಿ ವರ್ಣಮಾಲೆಯ ಒಂದು ಹಾಳೆ ಕೈಯಲ್ಲಿದ್ದರೆ, ಕೂಡಿಸುವ ಗುರುತಿನಂಥ ‘ಕ’ವನ್ನು ಆರನೇ ತರಗತಿಯ ಹುಡುಗಿಯೂ ಪತ್ತೆ ಹಚ್ಚಬಲ್ಲಳು.

ಒಂದೇ ದಿನದಲ್ಲಿ ಇನ್ನೆರಡು ಊರುಗಳನ್ನು ಸೇರಿಸಿಕೊಳ್ಳಬಹುದು. ಲಿಂಗಸುಗೂರಿನಿಂದ ಹದಿನಾರು ಕಿ.ಮೀ. ಆಸುಪಾಸಿನಲ್ಲಿ ಮುದಗಲ್ಲಿದೆ. ಕಂದಕ ಸುತ್ತುವರಿದ ಅದರ ಕೋಟೆ ದೋ-ಆಬ್ ಕಾದಾಟಗಳ ಮುಖ್ಯ ಸಾಕ್ಷಿ. ಅಲ್ಲಿನ ಮೊಹರಂಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಸೇರುವುದು ನಾಡಿಗೇ ಪ್ರಸಿದ್ಧ. ಹಟ್ಟಿಯಲ್ಲಿ ಗಣಿ ಇಂದಿಗೂ ನಡೆಯುತ್ತಿದೆ. ಬ್ರಿಟಿಷ್ ಕಂಪನಿ 1920ರ ಸುಮಾರಿಗೆ ಬಿಟ್ಟುಹೋದ ಮೇಲೆ 1947ರಲ್ಲಿ ಹೊಸ ಕಂಪನಿ ಸ್ಥಾಪನೆಯಾಯಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ನಂತರ ದೇಶದ ಗಣಿ ಚಿನ್ನದಲ್ಲಿ ಹೆಚ್ಚಿನ ಪಾಲು ಹಟ್ಟಿಯದೇ. ಅನುಮತಿಯಿಲ್ಲದೆ ಗಣಿಯೊಳಗೆ ಪ್ರವೇಶವಿಲ್ಲವಾದ್ದರಿಂದ ಶಾಲೆಯವರು ಮುಂಚಿತವಾಗಿ ಪತ್ರ ಬರೆಯುವುದು ಒಳಿತು.

ರಾಯಚೂರು, ಸಿಂಧನೂರು, ಲಿಂಗಸುಗೂರುಗಳಿಂದ ಮಸ್ಕಿಗೆ ಸರ್ಕಾರಿ ಬಸ್ಸುಗಳಿವೆ. 2024ರಲ್ಲಿ ಸಿಂಧನೂರಿಗೆ ರೈಲೂ ಬಂದಿದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತ. ತಲೆಗೆ ಟೋಪಿ, ಕುಡಿಯುವ ನೀರು, ಜೋಳದ ರೊಟ್ಟಿ–ಶೇಂಗಾ ಹಿಂಡಿಯ ಬುತ್ತಿ ಇದ್ದರೆ ಗುಡ್ಡದ ನೆರಳಲ್ಲಿ ಮಧ್ಯಾಹ್ನ ಕಳೆಯಲು ಅಡ್ಡಿಯಿಲ್ಲ.